ಸಂಕರಾಗ್ನಿಯೂ ಸಂತತಿಯ ಋಣವೂ

ಮನುಷ್ಯನು ಮೂರು ಋಣಗಳನ್ನು ಹೊತ್ತೇ ಹುಟ್ಟುವನೆಂದು ನಮ್ಮ ಪೂರ್ವಿಕರು ಹೇಳುತ್ತಿದ್ದರು: ದೇವಋಣ, ಋಷಿಋಣ, ಪಿತೃಋಣ. ಇವುಗಳಲ್ಲಿ ಮೂರನೆಯದರ ಲೆಕ್ಕವು ಸೋಜಿಗವಾದದ್ದು. ಕೊಟ್ಟವರು ಗತಿಸಿಹೋದವರು, ತೀರಿಸಬೇಕಾದುದು ಮುಂದೆ ಹುಟ್ಟುವವರಿಗೆ. ತಾತನು ನೆಟ್ಟ ಮರದ ಎಳನೀರನ್ನು ಕುಡಿದ ಮೊಮ್ಮಗನು ತಾತನಿಗೆ ಏನನ್ನೂ ಹಿಂದಿರುಗಿಸಲಾರನು. ತಾನು ಹತ್ತು ಸಸಿಗಳನ್ನು ನೆಟ್ಟು ನೀರೆರೆದು ಹೋದರೆ ಆ ಸಾಲ ಸಂದಂತೆ. ಹೀಗೆ ಋಣವು ಮುಂದಕ್ಕೆ ಹರಿಯುವುದರಿಂದಲೇ ಮನೆತನಗಳು ನಿಂತಿವೆ, ಊರುಗಳು ನಿಂತಿವೆ. ಈಗ ಈ ಪ್ರವಾಹವನ್ನು ಹಿಂದುಮುಂದಾಗಿ ತಿರುಗಿಸಿ, ಇನ್ನೂ ಹುಟ್ಟದವರಿಂದ, ಅವರನ್ನು ಒಂದು ಮಾತೂ ಕೇಳದೆ, ನಾವು ಸಾಲವನ್ನು ಎತ್ತಬಹುದೆ? ಎತ್ತಿದ ಪಕ್ಷದಲ್ಲಿ, ಅದನ್ನು ತೀರಿಸುವ ಉಪಾಯವು ಇಂದಲ್ಲ ನಾಳೆ ಯಾರಿಗಾದರೂ ಹೊಳೆದೀತೆಂಬ ಭರವಸೆಯು ನಮ್ಮನ್ನು ದೋಷದಿಂದ ಬಿಡಿಸೀತೆ? ಪ್ರಕೃತ ಲೇಖನದ ವಿಚಾರವು ಇಷ್ಟೇ.

ಪ್ರಶ್ನೆಯು ಹೊಸದಲ್ಲ. ಕಾಡನ್ನು ಕಡಿದು ಮಾರಿದವನಿಗೂ, ಕೆರೆಯ ಹೂಳನ್ನು ತೆಗೆಯದೆ ಬಿಟ್ಟ ಊರಿಗೂ ಇದು ಅನ್ವಯಿಸುತ್ತದೆ. ಆದರೆ ಪರಮಾಣುಶಕ್ತಿಯ ವಿಷಯದಲ್ಲಿ ಇದಕ್ಕೆ ಬಂದಿರುವ ತೀಕ್ಷ್ಣತೆ ಬೇರೆಲ್ಲಿಯೂ ಬಂದಿಲ್ಲ. ಅದರಲ್ಲಿಯೂ ಪರಮಾಣುವಿನ ಬೀಜವನ್ನು ಒಡೆದು ಪಡೆಯುವ ಬೆಂಕಿಯನ್ನೂ ಬೀಜಗಳನ್ನು ಬೆಸೆದು ಪಡೆಯುವ ಬೆಂಕಿಯನ್ನೂ ಒಂದೇ ಒಲೆಯಲ್ಲಿ ಕೂಡಿಸಬೇಕೆಂಬ ‘ಸಂಕರ ರಿಯಾಕ್ಟರಿ’ನ ಯೋಚನೆಯಲ್ಲಿ ಅದು ಎದ್ದು ಕಾಣುತ್ತದೆ.

ತೆಂಗಿನ ಸೀಮೆಯವರಾದ ನಮಗೆ ಈ ಗೊಡವೆ ಏಕೆಂದು ಕೇಳುವವರಿಗೆ ಒಂದು ಸಂಗತಿಯನ್ನು ಜ್ಞಾಪಿಸುವುದು ಯುಕ್ತ. ಭಾರತದ ಪರಮಾಣು ವಿಜ್ಞಾನದ ಪ್ರಮುಖರಲ್ಲಿ ಒಬ್ಬರಾದ ಡಾಕ್ಟರ್ ರಾಜಾ ರಾಮಣ್ಣನವರು ಜನಿಸಿದುದು ನಮ್ಮ ತಿಪಟೂರಿನಲ್ಲಿ, 1925ನೆಯ ಇಸವಿ ಜನವರಿ 28ರಂದು. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ‘ಅಪ್ಸರಾ’ ಎಂಬ ದೇಶದ ಮೊದಲ ರಿಯಾಕ್ಟರು ಉರಿಯತೊಡಗಿದಾಗ ಆ ಕಾರ್ಯದಲ್ಲಿ ಕೈಗೂಡಿಸಿದವರಲ್ಲಿ ಅವರೊಬ್ಬರು. 1974ರ ಮೇ 18ರಂದು ಪೋಖರಣದಲ್ಲಿ ನಡೆದ ಸ್ಫೋಟದ ಮುಂದಾಳುಗಳಲ್ಲಿಯೂ ಒಬ್ಬರು. ಬೀಜವಿದಳನವೇ ಅವರ ವಿಶೇಷ ವ್ಯಾಸಂಗ. ಜೊತೆಗೆ ಪಿಯಾನೊ ವಾದ್ಯದಲ್ಲಿ ಒಳ್ಳೆಯ ಪರಿಶ್ರಮವಿದ್ದವರು, 2004ರಲ್ಲಿ ತೀರಿಕೊಂಡರು. ಇನ್ನು ಇಂಥ ವಿಚಾರವನ್ನು ಕನ್ನಡದಲ್ಲಿ ಬರೆಯುವುದು ಸಾಧ್ಯವೆ ಎಂದು ಸಂದೇಹಪಡುವವರಿಗೆ ನಮ್ಮ ಜಿಲ್ಲೆಯವರೇ ಆದ ಬೆಳ್ಳಾವೆ ವೆಂಕಟನಾರಣಪ್ಪನವರ ಹೆಸರನ್ನು ಹೇಳಿದರೆ ಸಾಕು. 1918ರಷ್ಟು ಹಿಂದೆಯೇ ಅವರು ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಲು ಕಂಕಣ ಕಟ್ಟಿದವರು.

ವಿಷಯದ ಸ್ವರೂಪವನ್ನು ಮೊದಲು ತಿಳಿಯಬೇಕು. ಯುರೇನಿಯಂನಂತಹ ಭಾರವಾದ ಧಾತುವಿನ ಬೀಜಕ್ಕೆ ನ್ಯೂಟ್ರಾನೆಂಬ ಕಣವು ತಾಗಿದಾಗ ಅದು ಎರಡು ಹೋಳಾಗಿ, ಮತ್ತೆರಡು ಮೂರು ನ್ಯೂಟ್ರಾನುಗಳು ಹೊರಕ್ಕೆ ಚಿಮ್ಮುತ್ತವೆ. ಅವು ಪಕ್ಕದ ಬೀಜಗಳನ್ನು ಒಡೆಯುತ್ತವೆ. ಸರಪಣಿಯು ಹೀಗೆ ಬೆಳೆಯುತ್ತದೆ. ಇದು ವಿದಳನ. 1938ರ ಕೊನೆಯಲ್ಲಿ ಜರ್ಮನಿಯಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಎಂಬವರು ಇದನ್ನು ಕಂಡರು. ಕಂಡದ್ದು ಏನೆಂದು ಅರ್ಥಮಾಡಿ ಹೇಳಿದವರು ಲೀಸೆ ಮೈಟ್ನರ್ ಎಂಬ ವಿದುಷಿಯೂ ಆಕೆಯ ಸೋದರಿಯ ಮಗ ಫ್ರಿಶ್ ಎಂಬುವನೂ. ಇದಕ್ಕೆ ವಿಪರೀತವಾದದ್ದು ಸಮ್ಮಿಲನ. ಜಲಜನಕದ ಭಾರವಾದ ಎರಡು ಬಗೆಗಳು, ಡ್ಯುಟೀರಿಯಂ ಮತ್ತು ಟ್ರಿಟಿಯಂ, ಒಂದಾಗಿ ಬೆಸೆದು ಹೀಲಿಯಂ ಆಗುತ್ತವೆ, ಒಂದು ನ್ಯೂಟ್ರಾನು ಮಹಾವೇಗದಿಂದ ಹೊರಬೀಳುತ್ತದೆ. ಸೂರ್ಯನ ಒಡಲಿನ ಬೆಂಕಿಯೂ ಸಮ್ಮಿಲನದ್ದೇ. ಭೂಮಿಯ ಮೇಲೆ ಅದನ್ನು ಸಾಧಿಸಬೇಕಾದರೆ ಹತ್ತು ಕೋಟಿ ಡಿಗ್ರಿಗೂ ಮಿಕ್ಕ ಉಷ್ಣತೆ ಬೇಕು. ಅಂತಹ ಅನಿಲವನ್ನು ಯಾವ ಪಾತ್ರೆಯೂ ತಾಳದಾದ್ದರಿಂದ ಕಾಂತಶಕ್ತಿಯ ಬಲೆಯಲ್ಲಿ ಹಿಡಿದಿಡಬೇಕು, ಇಲ್ಲವೆ ಲೇಸರ್ ಕಿರಣಗಳಿಂದ ಕ್ಷಣಾರ್ಧದಲ್ಲಿ ಹಿಂಡಬೇಕು. ಗುಜರಾತಿನ ಗಾಂಧಿನಗರದ ಬಳಿ ‘ಆದಿತ್ಯ’ ಎಂಬ ಕಾಂತಯಂತ್ರವು 1989ರಲ್ಲಿ ಕೆಲಸಕ್ಕೆ ತೊಡಗಿತು. ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 2022ರ ಡಿಸೆಂಬರ್ 5ರಂದು ಲೇಸರಿನಿಂದ 2.05 ಮೆಗಾಜೂಲ್ ಶಕ್ತಿಯನ್ನು ಗುರಿಗೆ ಕೊಟ್ಟು 3.15 ಮೆಗಾಜೂಲ್ ಪಡೆದರು. ಲೋಕವೆಲ್ಲ ಚಪ್ಪಾಳೆ ತಟ್ಟಿತು. ಆದರೆ ಆ ಲೇಸರನ್ನು ಹೊತ್ತಿಸಲು ವಿದ್ಯುತ್ ತಂತಿಯಿಂದ ಎಳೆದದ್ದು ಸುಮಾರು 300 ಮೆಗಾಜೂಲ್.

ಅಂದರೆ ಒಂದು ಬೆಂಕಿಯು ಪ್ರಬಲವಾದದ್ದು, ಆದರೆ ಮಲಿನ. ಇನ್ನೊಂದು ಹೋಲಿಕೆಯಲ್ಲಿ ಶುದ್ಧವಾದದ್ದು, ಆದರೆ ದುರ್ಬಲ. ಎರಡನ್ನೂ ಮದುವೆ ಮಾಡಿದರೆ ಹೇಗೆಂಬ ಯೋಚನೆಯು 1950ರ ಸುಮಾರಿಗೇ ರಷ್ಯದ ಸಖಾರೊವ್‌ನಿಗೆ ಹೊಳೆದಿತ್ತು. ಸೂರ್ಯನು ಹೇಗೆ ಉರಿಯುತ್ತಾನೆಂದು ಲೋಕಕ್ಕೆ ವಿವರಿಸಿ 1967ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಹಾನ್ಸ್ ಬೆಥೆಯು 1979ರಲ್ಲಿ ಇದರ ಪರವಾಗಿ ಬಹಿರಂಗವಾಗಿಯೇ ವಾದಿಸಿದನು. ಸಮ್ಮಿಲನದ ಒಂದು ಘಟನೆಯಲ್ಲಿ ಹೊರಬೀಳುವ ಶಕ್ತಿ 17.6 ಮಿಲಿಯನ್ ಎಲೆಕ್ಟ್ರಾನ್ ವೋಲ್ಟು. ವಿದಳನದ ಒಂದು ಘಟನೆಯಲ್ಲಿ ಸುಮಾರು 200. ಆದಕಾರಣ ಸಮ್ಮಿಲನದ ನ್ಯೂಟ್ರಾನನ್ನು ಸುತ್ತಲೂ ಹೊದಿಸಿದ ಯುರೇನಿಯಂ ಅಥವಾ ಥೋರಿಯಂ ಹೊದಿಕೆಗೆ ತಾಗಿಸಿದರೆ ಸಣ್ಣ ಕಿಡಿಯು ದೊಡ್ಡ ಜ್ವಾಲೆಯಾಗುತ್ತದೆ.

ಅಡಿಗೆಮನೆಯ ಉಪಮಾನವನ್ನು ಕೊಡುವುದಾದರೆ, ಹಸಿ ತೆಂಗಿನ ಸಿಪ್ಪೆಯನ್ನು ಒಲೆಗೆ ಇಟ್ಟಂತೆ. ಅದು ತಾನಾಗಿ ಉರಿಯಲಾರದು. ಊದುಗೊಳವೆಯಿಂದ ಊದುತ್ತಿರುವಷ್ಟು ಹೊತ್ತು ಉರಿಯುತ್ತದೆ, ಊದುವುದನ್ನು ನಿಲ್ಲಿಸಿದರೆ ಜ್ವಾಲೆ ಅಡಗುತ್ತದೆ. ಇಲ್ಲಿ ಸಮ್ಮಿಲನವು ಊದುಗೊಳವೆ, ವಿದಳನವು ಸಿಪ್ಪೆ. ಸರಪಣಿಯು ಕೈಮೀರಿ ಬೆಳೆಯುವ ಭಯ ಇದರಲ್ಲಿ ಕಡಮೆಯೆಂಬುದು ನಿಜವಾದ ಗುಣ. ಆದರೆ ಗೃಹಿಣಿಯರು ಬಲ್ಲಂತೆ, ಜ್ವಾಲೆ ಅಡಗಿದರೂ ಕೆಂಡವಿರುತ್ತದೆ. ರಿಯಾಕ್ಟರನ್ನು ನಿಲ್ಲಿಸಿದ ಮರುಕ್ಷಣದಲ್ಲಿಯೂ ಪೂರ್ಣಶಕ್ತಿಯ ನೂರಕ್ಕೆ ಆರೇಳು ಪಾಲಿನಷ್ಟು ಉಷ್ಣವು ಒಳಗೆ ಹುಟ್ಟುತ್ತಲೇ ಇರುತ್ತದೆ. 2011ರ ಮಾರ್ಚಿಯಲ್ಲಿ ಜಪಾನಿನ ಫುಕುಶಿಮದಲ್ಲಿ ಭೂಕಂಪವಾದೊಡನೆ ಉರಿಯುತ್ತಿದ್ದ ರಿಯಾಕ್ಟರುಗಳು ಸರಿಯಾಗಿಯೇ ನಿಂತಿದ್ದವು. ಅನರ್ಥವಾದದ್ದು ಕೆಂಡವನ್ನು ಆರಿಸುವ ನೀರು ನಿಂತುಹೋದದ್ದರಿಂದ. ಸಂಕರ ಯಂತ್ರವನ್ನು ಹೊಗಳುವವರು ಊದುಗೊಳವೆಯನ್ನು ತೋರಿಸುತ್ತಾರೆ, ಕೆಂಡದ ಮಾತನ್ನು ಬೇಗ ದಾಟಿಸುತ್ತಾರೆ.

‘ಸಂಕರ’ವೆಂಬ ಶಬ್ದವು ನಮ್ಮ ತೋಟದವರಿಗೆ ಅಪರಿಚಿತವಲ್ಲ. ತೆಂಗಿನಲ್ಲಿ ಮೊತ್ತಮೊದಲ ಸಂಕರವನ್ನು ಮಾಡಿದುದು 1930ರ ದಶಕದ ಆದಿಯಲ್ಲಿ ನೀಲೇಶ್ವರದಲ್ಲಿ. ಆಗ ಅದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು, ಈಗ ಕಾಸರಗೋಡು ಜಿಲ್ಲೆಯಲ್ಲಿದೆ. ಎತ್ತರದ ಜಾತಿಯ ದೀರ್ಘಾಯುಸ್ಸು, ಗಿಡ್ಡ ಜಾತಿಯ ಬೇಗನೆ ಫಲ ಕೊಡುವ ಗುಣ, ಎರಡೂ ಒಂದರಲ್ಲಿ ಬರಲೆಂಬುದು ಉದ್ದೇಶ. ಬಹುಮಟ್ಟಿಗೆ ಬಂದದ್ದೂ ಉಂಟು. ಆದರೆ ಸಂಕರ ಸಸಿಯು ನೀರು ಗೊಬ್ಬರಗಳ ಆರೈಕೆಯನ್ನು ಹೆಚ್ಚಾಗಿ ಬೇಡುತ್ತದೆ. ಅದರ ಕಾಯನ್ನೇ ಬಿತ್ತಿದರೆ ತಾಯಿಯ ಗುಣವೇ ಬರುತ್ತದೆಂಬ ಭರವಸೆಯಿಲ್ಲ. ಬಯಲುಸೀಮೆಯ ಬರದಲ್ಲಿ ನಮ್ಮ ಹಳೆಯ ತಿಪಟೂರು ಎತ್ತರದ ತಳಿಯನ್ನೇ ನಂಬಿರುವ ಮನೆಗಳು ಇಂದಿಗೂ ಹಲವು. ಸಂಕರವೆಂದರೆ ಎರಡರ ಗುಣ ಮಾತ್ರ ಕೂಡುವುದೆಂದು ತಿಳಿಯುವುದು ಬರಿಯ ಆಸೆ. ಅಗ್ನಿಗಳ ಸಂಕರದಲ್ಲಿಯೂ ಅಷ್ಟೆ. ಸಮ್ಮಿಲನದಿಂದ ಬರುವುದು ನ್ಯೂಟ್ರಾನು, ಜೊತೆಗೆ ಅದರ ಯಂತ್ರದ ಜಟಿಲತೆ. ವಿದಳನದಿಂದ ಬರುವುದು ಶಕ್ತಿ, ಜೊತೆಗೆ ಅದರ ಬೂದಿ. ಸಮ್ಮಿಲನದ ಹೆಗ್ಗಳಿಕೆಯೇ ಶುದ್ಧತೆಯಾಗಿರುವಾಗ, ಅದರ ಸುತ್ತ ವಿದಳನದ ಹೊದಿಕೆಯನ್ನು ಹೊದಿಸಿದ ಮೇಲೆ ಆ ಹೆಗ್ಗಳಿಕೆಯಲ್ಲಿ ಉಳಿಯುವುದೆಷ್ಟು?

ಈ ಬೂದಿಯ ವಿಷಯವೇ ನಮ್ಮ ಪ್ರಶ್ನೆಯ ಹೃದಯ. ರಿಯಾಕ್ಟರಿನಲ್ಲಿ ಉರಿದ ಇಂಧನದಲ್ಲಿ ಎರಡು ಬಗೆಯ ಶೇಷವಿರುತ್ತದೆ. ಒಡೆದ ಹೋಳುಗಳು ಒಂದು ಬಗೆ; ಅವುಗಳಲ್ಲಿ ಸೀಸಿಯಂ, ಸ್ಟ್ರಾಂಷಿಯಂ ಮೊದಲಾದ ಉಗ್ರವಾದವು ಮೂವತ್ತು ವರ್ಷಗಳಿಗೊಮ್ಮೆ ಅರ್ಧವಾಗುತ್ತ ಬರುತ್ತವೆ. ಒಡೆಯದೆ ನ್ಯೂಟ್ರಾನನ್ನು ನುಂಗಿ ಇನ್ನೂ ಭಾರವಾದವು ಎರಡನೆಯ ಬಗೆ. ಇವುಗಳಲ್ಲಿ ಒಂದಾದ ಪ್ಲುಟೋನಿಯಂ-239 ಅರ್ಧವಾಗಲು 24,100 ವರ್ಷ ಬೇಕು. ನೆಪ್ಚೂನಿಯಂ-237ಕ್ಕೆ ಇಪ್ಪತ್ತೊಂದು ಲಕ್ಷ ವರ್ಷ. ಈ ಎರಡನೆಯ ಬಗೆಯನ್ನು ಬೇರ್ಪಡಿಸಿ ಸಂಪೂರ್ಣವಾಗಿ ಸುಟ್ಟುಬಿಡಲು ಸಾಧ್ಯವಾದರೆ, ಉಳಿದ ಶೇಷದ ವಿಷವು ಸುಮಾರು 300 ವರ್ಷಗಳಲ್ಲಿ ಗಣಿಯಿಂದ ತೆಗೆದ ಯುರೇನಿಯಂ ಅದಿರಿನ ಮಟ್ಟಕ್ಕೆ ಇಳಿಯುವುದೆಂದು ಲೆಕ್ಕ. ಇಲ್ಲವಾದರೆ ಲಕ್ಷ ವರ್ಷಗಳ ಮಾತು. ಟೆಕ್ನೀಶಿಯಂನಂತಹ ಕೆಲವು ಹೋಳುಗಳು ಲಕ್ಷಾಂತರ ವರ್ಷ ಉಳಿಯತಕ್ಕವಾದ್ದರಿಂದ ಈ ಲೆಕ್ಕವು ಎಲ್ಲವನ್ನೂ ಒಳಗೊಂಡದ್ದಲ್ಲ. ಆದರೂ ವ್ಯತ್ಯಾಸವು ಅಗಾಧವಾದದ್ದು. ಸಂಕರ ಯಂತ್ರದ ನ್ಯೂಟ್ರಾನುಗಳು ಆ ಭಾರದ ಶೇಷವನ್ನು ಸುಡಬಲ್ಲವೆಂಬುದೇ ಅದರ ಪರವಾಗಿ ಹೇಳತಕ್ಕ ಅತ್ಯುತ್ತಮವಾದ ಮಾತು.

ಮುನ್ನೂರು ವರ್ಷವೆಂದರೆ ಮನುಷ್ಯನ ಅಳತೆಗೆ ಒಳಪಟ್ಟ ಕಾಲ. ನಮ್ಮ ತೆಂಗಿನ ಮರದ ನಾಲ್ಕೈದು ತಲೆಗಳು. ಲಕ್ಷ ವರ್ಷವೆಂದರೇನೆಂದು ಊಹಿಸಲು ದೂರ ಹೋಗಬೇಕಾಗಿಲ್ಲ. ತುರುವೇಕೆರೆಯ ಹೊಯ್ಸಳ ದೇವಾಲಯಗಳು 13ನೆಯ ಶತಮಾನದವು, ಅಂದರೆ ಸುಮಾರು 750 ವರ್ಷದವು. ಆ ಕಾಲದ ದಾನಶಾಸನಗಳ ಕೊನೆಯಲ್ಲಿ, ಈ ಧರ್ಮವನ್ನು ಅಳಿದವನಿಗೆ ಇಂಥಿಂಥ ಪಾಪ ತಟ್ಟಲೆಂದು ಶಾಪಾಶಯವನ್ನು ಕೊರೆಸುತ್ತಿದ್ದರು. ಬರೆಸಿದವರ ಮನಸ್ಸಿನಲ್ಲಿದ್ದುದು ಆಚಂದ್ರಾರ್ಕ. ಆದದ್ದೇನು? ಅಷ್ಟು ಸ್ಪಷ್ಟವಾಗಿ ಕನ್ನಡದಲ್ಲಿಯೇ ಕೊರೆದ ಅಕ್ಷರಗಳನ್ನು ಓದಲು ನಮ್ಮ ಊರುಗಳಲ್ಲಿ ಯಾರೂ ಇಲ್ಲದಂತಾಗಿ, ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವುದಕ್ಕೂ ಮೋರಿಗೆ ಹಾಸುವುದಕ್ಕೂ ಬಳಕೆಯಾದವು. ಲೂಯಿ ರೈಸ್ ಸಾಹೇಬರು ತುಮಕೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ 1904ರಲ್ಲಿ ಅಚ್ಚುಹಾಕಿಸುವವರೆಗೆ ಅವು ಮೂಕವಾಗಿದ್ದವು. ಇದು ಎಂಟು ಶತಮಾನದೊಳಗಿನ ಕಥೆ. ಅದೂ ಭಾಷೆ ಅದೇ, ನೆಲ ಅದೇ, ಜನ ಅವರ ಸಂತತಿಯವರೇ ಆಗಿರುವಾಗ. ಅಮೆರಿಕದಲ್ಲಿ 1990ರ ದಶಕದಲ್ಲಿ ಭೂಗತವಾಗಿ ಹೂಳುವ ಇಂತಹ ಶೇಷದ ಮೇಲೆ 10,000 ವರ್ಷ ಕಾಲ ತಿಳಿಯತಕ್ಕ ಎಚ್ಚರಿಕೆಯ ಗುರುತನ್ನು ಹೇಗೆ ನಿಲ್ಲಿಸುವುದೆಂದು ಪಂಡಿತರನ್ನು ಸೇರಿಸಿ ಆಲೋಚನೆ ಮಾಡಿಸಿದರು. ನಮ್ಮ ಹಳ್ಳಿಯ ಒಗೆಯುವ ಕಲ್ಲನ್ನು ಅವರಿಗೆ ತೋರಿಸಬೇಕಾಗಿತ್ತು.

ಹೀಗಿರಲು, ಲಕ್ಷ ವರ್ಷದ ಭಾರವನ್ನು ಮುನ್ನೂರಕ್ಕೆ ಇಳಿಸುವ ಉಪಾಯವಿದೆಯೆಂದರೆ ಅದನ್ನು ಹುಡುಕುವುದು ಕರ್ತವ್ಯವಲ್ಲವೆ? ಕರ್ತವ್ಯವೇ ಸರಿ. ಈಗಾಗಲೇ ಉತ್ಪನ್ನವಾಗಿರುವ ಶೇಷದ ವಿಷಯದಲ್ಲಿ ಇದಕ್ಕೆ ಎರಡು ಮಾತಿಲ್ಲ. ಆದರೆ ವಾದವು ಅಲ್ಲಿಗೇ ನಿಲ್ಲುವುದಿಲ್ಲ. ‘ಮುಂದೆ ಸುಡುವ ಯಂತ್ರ ಬರುತ್ತದೆ, ಆದ್ದರಿಂದ ಈಗ ಶೇಷ ಬೆಳೆದರೆ ಚಿಂತೆಯಿಲ್ಲ’ ಎಂಬ ಇನ್ನೊಂದು ವಾಕ್ಯವು ಅದರ ಹಿಂದೆಯೇ ಮೆಲ್ಲಗೆ ಬಂದು ಕೂಡಿಕೊಳ್ಳುತ್ತದೆ. ಮೊದಲನೆಯದು ಸಾಲವನ್ನು ತೀರಿಸುವವನ ಮಾತು, ಎರಡನೆಯದು ಸಾಲ ಮಾಡುವವನ ಮಾತು. ಯಂತ್ರ ಒಂದೇ, ನಕ್ಷೆ ಒಂದೇ, ನೀತಿ ಮಾತ್ರ ಬೇರೆ.

ತಿಪಟೂರಿನ ಕೊಬ್ಬರಿ ಮಂಡಿಯ ವ್ಯವಹಾರವನ್ನು ಬಲ್ಲವರಿಗೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಲಿತ ಕಾಯನ್ನು ಸಿಪ್ಪೆಯೊಡನೆಯೇ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿಯು ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಸದ್ದು ಕೇಳುತ್ತದೆ. ಆ ಸದ್ದು ಬರುವವರೆಗೆ ಕಾಯದವನು ಉಂಡೆಕೊಬ್ಬರಿಯ ಬೆಲೆಯನ್ನು ಕಾಣಲಾರ. ನಡುವೆ ಮದುವೆಯೋ ಮುಂಜಿಯೋ ಬಂದರೆ ಮನೆಯವರು ಮಂಡಿಗೆ ಹೋಗುತ್ತಾರೆ. ‘ಗೌಡರೇ, ಅಟ್ಟದಲ್ಲಿ ಎಷ್ಟು ಸಾವಿರ ಕಾಯಿದೆ?’ ಎಂಬುದು ಮಂಡಿಯವರ ಮೊದಲ ಪ್ರಶ್ನೆ. ಅಟ್ಟದಲ್ಲಿರುವ ಕಾಯಿಯ ಮೇಲೆ ಸಾಲ ಮಾಡುವುದು ಲೋಕರೂಢಿ, ಅದರಲ್ಲಿ ಅಗೌರವವಿಲ್ಲ. ಇನ್ನೂ ಒಡೆಯದ ಹೊಂಬಾಳೆಯನ್ನು ತೋರಿಸಿ ಸಾಲ ಕೇಳುವವನನ್ನು ಮಂಡಿಯವನು ಎರಡು ಸಲ ನೋಡುತ್ತಾನೆ. ನೆಡಬೇಕೆಂದು ಮನಸ್ಸು ಮಾಡಿರುವ ಸಸಿಯ ಫಲದ ಮೇಲೆ, ಅದೂ ಮೊಮ್ಮಗನ ಕೈಯಲ್ಲಿ ಪತ್ರ ಬರೆಯಿಸಿಕೊಳ್ಳದೆ ಅವನ ಹೆಸರಿಗೆ, ಸಾಲ ಕೊಡುವ ಮಂಡಿ ಎಲ್ಲಿಯಾದರೂ ಉಂಟೆ? ಸಂಕರ ಯಂತ್ರವು ಈಗ ಅಟ್ಟದಲ್ಲಿಲ್ಲ. ಹೊಂಬಾಳೆಯೂ ಅಲ್ಲ. ಬಹುಶಃ ಪಾತಿಯಲ್ಲಿ ಇಟ್ಟಿರುವ ಕಾಯಿ. ಮೊಳಕೆ ಒಡೆಯುವುದೇನೋ ಎಂದು ಕಾಯುತ್ತಿದ್ದೇವೆ.

ಇದು ಅತಿಯಾದ ಮಾತೆಂದು ತೋರಿದರೆ ಇತಿಹಾಸವನ್ನು ನೋಡಬಹುದು. 1955ರಲ್ಲಿ ಜಿನೀವದಲ್ಲಿ ಪರಮಾಣುಶಕ್ತಿಯ ಶಾಂತಿಯುತ ಉಪಯೋಗಗಳನ್ನು ಕುರಿತ ಮಹಾಸಭೆಯು ಕೂಡಿದಾಗ ಅಧ್ಯಕ್ಷರಾಗಿದ್ದವರು ಹೋಮಿ ಭಾಭಾ. ಇನ್ನು ಎರಡು ದಶಕಗಳೊಳಗೆ ಸಮ್ಮಿಲನಶಕ್ತಿಯನ್ನು ಹತೋಟಿಯಲ್ಲಿಟ್ಟು ಪಡೆಯುವ ಉಪಾಯವು ದೊರೆಯುವುದೆಂದು ಅವರು ಅಲ್ಲಿ ಭವಿಷ್ಯ ನುಡಿದರು. ಅವರು ಅಲ್ಪಜ್ಞರಾಗಿರಲಿಲ್ಲ, ಬಡಾಯಿಯವರೂ ಅಲ್ಲ. ಎರಡು ದಶಕಗಳು ಕಳೆದು, ಏಳು ದಶಕಗಳೂ ಕಳೆದವು. ಫ್ರಾನ್ಸಿನಲ್ಲಿ ಭಾರತವೂ ಪಾಲುದಾರನಾಗಿ ಕಟ್ಟುತ್ತಿರುವ ‘ಈಟರ್’ ಎಂಬ ಮಹಾಯಂತ್ರದಲ್ಲಿ ಡ್ಯುಟೀರಿಯಂ-ಟ್ರಿಟಿಯಂಗಳನ್ನು ಉರಿಸುವ ಕಾಲವನ್ನು 2024ರಲ್ಲಿ ಪರಿಷ್ಕರಿಸಿ 2039ಕ್ಕೆ ಮುಂದೂಡಿದ್ದಾರೆ. ವಿದ್ವಾಂಸರ ಆಶೆಯನ್ನು ನಾವು ಗೌರವಿಸಬೇಕು. ಆದರೆ ಅದನ್ನು ಆಸ್ತಿಯ ಕಾಲಮಿನಲ್ಲಿ ಬರೆಯಕೂಡದು.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದವರ ಬಲವಾದ ಮಾತನ್ನೂ ಕೇಳಬೇಕು. ವಿದ್ಯುತ್ತು ಬೇಡವೆನ್ನುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಹೇಮಾವತಿಯ ನಾಲೆಯ ನೀರು ತಲುಪದ ತೋಟಗಳಲ್ಲಿ ಕೊಳವೆಬಾವಿಯ ಪಂಪು ನಿಂತ ದಿನವೇ ಮರದ ಸುಳಿ ಬಾಡುವ ಚಿಂತೆ. ಆ ವಿದ್ಯುತ್ತಿನ ಬಹುಭಾಗ ಬರುವುದು ಕಲ್ಲಿದ್ದಲಿನಿಂದ; ಕಲ್ಲಿದ್ದಲಿನ ಹೊಗೆಯೂ ಹುಟ್ಟದವರ ಹೆಸರಿಗೆ ಮಾಡಿದ ಸಾಲವೇ. ಏನನ್ನೂ ಮಾಡದೆ ಕೈಕಟ್ಟಿ ಕುಳಿತರೆ ಋಣಮುಕ್ತರಾದೆವೆಂದು ತಿಳಿಯುವುದು ಭ್ರಾಂತಿ. ಈ ಆಕ್ಷೇಪವನ್ನು ನಾವು ಮನಃಪೂರ್ವಕವಾಗಿ ಒಪ್ಪುತ್ತೇವೆ. ನಮ್ಮ ಜಿಲ್ಲೆಯ ಪಾವಗಡದಲ್ಲಿಯೇ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಕ್ಷೇತ್ರವು ಎದ್ದು ನಿಂತಿದೆ. ಸೂರ್ಯನ ಸಮ್ಮಿಲನಾಗ್ನಿಯನ್ನು ಒಂಬತ್ತು ಕೋಟಿ ಮೈಲಿಗಳ ಆಚೆಯೇ ಬಿಟ್ಟು ಬೆಳಕನ್ನು ಮಾತ್ರ ಬರಮಾಡಿಕೊಳ್ಳುವ ಬುದ್ಧಿವಂತಿಕೆ ಅಲ್ಲಿ ಕಾಣುತ್ತದೆ. ಆದರೆ ಸೂರ್ಯನು ಸಂಜೆಗೆ ಮುಳುಗುತ್ತಾನೆ. ರಾತ್ರಿಯ ದೀಪಕ್ಕೆ ಬೇರೆ ಏರ್ಪಾಡು ಬೇಕೆಂಬ ವಾದವು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ.

ಭಾರತದ ಮಟ್ಟಿಗೆ ಇನ್ನೊಂದು ಆಕರ್ಷಣೆಯೂ ಉಂಟು. ನಮ್ಮಲ್ಲಿ ಯುರೇನಿಯಂ ಕಡಮೆ, ಕೇರಳ ಮೊದಲಾದ ಕಡಲ ತೀರದ ಮರಳಿನಲ್ಲಿ ಥೋರಿಯಂ ಹೇರಳ. ಥೋರಿಯಂ ತಾನಾಗಿ ಉರಿಯದು. ನ್ಯೂಟ್ರಾನನ್ನು ನುಂಗಿ, ಪ್ರೊಟಾಕ್ಟಿನಿಯಂ ಆಗಿ, 27 ದಿನಗಳ ಅರ್ಧಾಯುವಿನ ಆ ಅವಸ್ಥೆಯನ್ನು ದಾಟಿ ಯುರೇನಿಯಂ-233 ಆದ ಮೇಲೆ ಉರಿಯುತ್ತದೆ. ಭಾಭಾ ಅವರು ಹಾಕಿಕೊಟ್ಟ ಮೂರು ಹಂತದ ಯೋಜನೆಯ ಕೊನೆಯ ಗುರಿ ಇದು. ಆ ಯುರೇನಿಯಂ-233ನ್ನೇ ಇಂಧನವಾಗಿ ಉಳ್ಳ ‘ಕಾಮಿನಿ’ ಎಂಬ 30 ಕಿಲೋವಾಟಿನ ಚಿಕ್ಕ ರಿಯಾಕ್ಟರು 1996ರಲ್ಲಿ ಕಲ್ಪಾಕ್ಕಂನಲ್ಲಿ ಉರಿಯತೊಡಗಿತು. ಸಂಕರ ಯಂತ್ರವು ಕೈಗೂಡಿದರೆ ಈ ದೀರ್ಘಮಾರ್ಗಕ್ಕೆ ಒಂದು ಒಳದಾರಿ ಸಿಕ್ಕಂತಾಗುತ್ತದೆಂದು ಹೇಳುವವರಿದ್ದಾರೆ. ಇರಬಹುದು.

ಒಳದಾರಿಯಲ್ಲಿ ಒಂದು ಮುಳ್ಳಿದೆ. ಶೇಷವನ್ನು ಸುಡುವ ನ್ಯೂಟ್ರಾನೇ ಹೊದಿಕೆಯನ್ನು ಬದಲಿಸಿದರೆ ಬಾಂಬಿಗೆ ಬೇಕಾದ ದ್ರವ್ಯವನ್ನೂ ಬೆಳೆಯಬಲ್ಲದು. ಯಂತ್ರಕ್ಕೆ ಸಂಕಲ್ಪವಿಲ್ಲ, ಸಂಕಲ್ಪ ನಡೆಸುವವರದು. ಇಲ್ಲಿ ಹೆಸರುಗಳ ವಿಷಯದಲ್ಲಿ ನಾವು ಬಹಳ ಜಾಗರೂಕರಾಗಿರಬೇಕು. 1974ರ ಸ್ಫೋಟವನ್ನು ಸರ್ಕಾರವು ‘ಶಾಂತಿಯುತ’ವಾದದ್ದೆಂದು ಕರೆಯಿತು. 1997ರಲ್ಲಿ ರಾಮಣ್ಣನವರೇ ಅದು ಬಾಂಬೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ದೇಶದ ರಕ್ಷಣೆಗೆ ಅದು ಬೇಕಾಗಿತ್ತೆ ಇಲ್ಲವೆ ಎಂಬುದು ಬೇರೆಯ ಚರ್ಚೆ. ನಮ್ಮೂರಿನಲ್ಲಿ ಹುಟ್ಟಿದ ಆ ಹಿರಿಯರು ಕಡೆಗೆ ವಸ್ತುವನ್ನು ಅದರ ಹೆಸರಿನಿಂದ ಕರೆದರೆಂಬುದನ್ನು ನಾವು ಅವರ ಗುಣಗಳಲ್ಲಿ ಎಣಿಸುತ್ತೇವೆ. ಆ ಹೆಸರು ಹೊರಬೀಳಲು 23 ವರ್ಷ ಹಿಡಿಯಿತೆಂಬುದನ್ನೂ ಮರೆಯಲಾರೆವು. ನಾಳೆ ‘ಶೇಷದಾಹಕ’ವೆಂಬ ಸಾಧುನಾಮವನ್ನು ಧರಿಸಿ ಬರುವ ಯಂತ್ರವು ನಿಜವಾಗಿ ಏನನ್ನು ದಹಿಸುತ್ತದೆ, ಏನನ್ನು ಬೆಳೆಯುತ್ತದೆಂದು ಕೇಳುವ ಹಕ್ಕು ಗೃಹಸ್ಥರಿಗೆ ಇದ್ದೇ ಇದೆ.

ಹುಟ್ಟದವರ ಮಾತಾಯಿತು, ಹುಟ್ಟಿ ಪಕ್ಕದಲ್ಲಿಯೇ ಇರುವವರ ಮಾತೂ ಉಂಟು. ನಮ್ಮ ನಾಡಿನ ಪರಮಾಣು ವಿದ್ಯುತ್ತು ಉತ್ಪನ್ನವಾಗುವುದು ಕಾಳೀ ನದಿಯ ದಡದ ಕೈಗಾದಲ್ಲಿ. 220 ಮೆಗಾವಾಟಿನ ನಾಲ್ಕು ಘಟಕಗಳು ಅಲ್ಲಿವೆ. ಕಟ್ಟುತ್ತಿದ್ದಾಗಲೇ, 1994ರ ಮೇ 13ರಂದು, ಮೊದಲ ಘಟಕದ ಗುಮ್ಮಟದ ಒಳಪದರವು ಕಳಚಿಬಿತ್ತು. ಅದಕ್ಕೂ ಮೊದಲೇ ಶಿವರಾಮ ಕಾರಂತರು ಈ ಸ್ಥಾವರವನ್ನು ಪ್ರತಿಭಟಿಸಿ, 1989ರ ಲೋಕಸಭೆಯ ಚುನಾವಣೆಗೆ ತಾವೇ ಉತ್ತರ ಕನ್ನಡದಿಂದ ನಿಂತು ಸೋತಿದ್ದರು. ಸ್ಥಾವರವು ಆಮೇಲೆ ಒಳ್ಳೆಯ ಹೆಸರನ್ನೂ ಗಳಿಸಿತು: ಅದರ ಮೊದಲ ಘಟಕವು 2018ರ ಡಿಸೆಂಬರಿನವರೆಗೆ 962 ದಿನ ಎಡೆಬಿಡದೆ ನಡೆದು ಆಗಿನ ಜಗತ್ತಿನ ದಾಖಲೆಯನ್ನು ಮುರಿಯಿತು. 2009ರ ನವೆಂಬರಿನಲ್ಲಿ ಮಾತ್ರ ಕುಡಿಯುವ ನೀರಿನ ಯಂತ್ರದಲ್ಲಿ ಟ್ರಿಟಿಯಂ ಕೂಡಿದ ಭಾರಜಲವು ಸೇರಿ, 50ಕ್ಕೂ ಮಿಕ್ಕ ನೌಕರರ ದೇಹದಲ್ಲಿ ಅದು ಕಂಡುಬಂದಿತು. ಯಾರೋ ಬೇಕೆಂದೇ ಬೆರೆಸಿದ್ದೆಂದು ಶಂಕಿಸಲಾಯಿತು. ಟ್ರಿಟಿಯಂ ಎಂಬ ಈ ಹೆಸರನ್ನು ವಾಚಕರು ಮೇಲೆ ಕಂಡಿದ್ದಾರೆ. ಕೈಗಾದಂತಹ ಭಾರಜಲದ ರಿಯಾಕ್ಟರಿನಲ್ಲಿ ಅದು ಬೇಡದ ಮಲ. ಸಮ್ಮಿಲನದ ಒಲೆಯಲ್ಲಿ ಅದೇ ದುರ್ಲಭವಾದ ಇಂಧನ. ಒಂದರ ಕಸವು ಇನ್ನೊಂದರ ರಸವಾಗುವುದೆಂಬ ಸಂಕರವಾದಿಗಳ ಮಾತಿನಲ್ಲಿ ಸತ್ಯವಿದೆಯೆಂಬುದಕ್ಕೆ ಇದು ಸಾಕ್ಷಿ. ಆದರೆ ಇಂಧನವೆಂದು ಕರೆದ ಮಾತ್ರಕ್ಕೆ ಅದು ಕುಡಿಯುವ ನೀರಿನಲ್ಲಿ ಬೆರೆತಾಗ ನಿರಪಾಯವಾಗುವುದಿಲ್ಲ. ಕೈಗಾದ ದೀಪ ನಮ್ಮ ಪಡಸಾಲೆಯಲ್ಲಿ ಉರಿಯುತ್ತದೆ, ಅದರ ಅಪಾಯದ ಪಾಲು ಕದ್ರಾ, ಮಲ್ಲಾಪುರದವರದು. ಇದನ್ನು ನೆನೆಯದೆ ಪರಮಾಣುವಿನ ನೀತಿಯನ್ನು ಮಾತನಾಡುವುದು ದೊಡ್ಡವರಿಗೆ ಶೋಭಿಸದು.

ಇಂಥ ಲೆಕ್ಕವನ್ನು ಹೇಗೆ ಇಡಬೇಕೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ನಿದರ್ಶನ ದೊರೆಯುತ್ತದೆ. ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಕಬ್ಬಿಣದ ಅದಿರಿಗಾಗಿ ಅಗೆದವರು, ಅಗೆದ ಮೇಲೆ ಗುಂಡಿಯನ್ನು ಸರಿಪಡಿಸುತ್ತೇವೆಂದು ಹೇಳದೆ ಇರಲಿಲ್ಲ. ಗುಂಡಿಗಳು ಉಳಿದವು, ಕೆಂಪು ಧೂಳು ತೋಟಗಳ ಗರಿಗಳ ಮೇಲೆ ಕುಳಿತಿತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಗಣಿಗಳನ್ನು ಮತ್ತೆ ತೆರೆಯಲು ಒಪ್ಪಿದಾಗ, ಪ್ರತಿಯೊಂದು ಗುತ್ತಿಗೆಗೂ ನೆಲವನ್ನು ಪುನಃ ಸ್ಥಿತಿಗೆ ತರುವ ಯೋಜನೆಯಿರಬೇಕು, ಅದರ ವೆಚ್ಚವನ್ನು ಗುತ್ತಿಗೆದಾರನೇ ಭರಿಸಬೇಕೆಂದು ಕಟ್ಟುಮಾಡಿತು. ಅಗೆಯುವುದು ಮೊದಲು, ಪರಿಹಾರ ಆಮೇಲೆ ಎಂಬ ಕ್ರಮವು ಕಾಗದದ ಮೇಲಾದರೂ ತಲೆಕೆಳಗಾಯಿತು. ನ್ಯಾಯಾಲಯವು ಗಣಿಯವರ ಸಾಮರ್ಥ್ಯವನ್ನು ಸಂದೇಹಿಸಲಿಲ್ಲ. ಅವರ ‘ಆಮೇಲೆ’ ಎಂಬ ಪದವನ್ನು ಸಂದೇಹಿಸಿತು. ಕಬ್ಬಿಣದ ಗುಂಡಿಗೆ ಸಲ್ಲುವ ನ್ಯಾಯವು ಪ್ಲುಟೋನಿಯಂಗೆ ಸಲ್ಲದೆಂದು ಹೇಳಲು ಕಾರಣವೇನೂ ಕಾಣದು.

ಈ ದೃಷ್ಟಿಯಿಂದ ನೋಡಿದರೆ ಸಂಕರಾಗ್ನಿಯ ಸಂಶೋಧನೆಗೆ ಹಣ ಕೊಡುವುದು ಯುಕ್ತವೇ. ಅದು ಹಳೆಯ ಸಾಲದ ಬಡ್ಡಿಯೆಂದು ಕೊಡತಕ್ಕದ್ದು. ಹೊಸ ಸ್ಥಾವರವೊಂದನ್ನು ಕಟ್ಟಬೇಕೆಂದಾಗ, ಅದರ ಶೇಷವನ್ನು ಇಂದು ಕೈಯಲ್ಲಿರುವ ಉಪಾಯದಿಂದಲೇ ಕಾಪಾಡಬಲ್ಲೆವೆ ಎಂದು ನೋಡಿ ನಿರ್ಧರಿಸಬೇಕಲ್ಲದೆ, ಬರಲಿರುವ ಯಂತ್ರವನ್ನು ಜಾಮೀನಾಗಿ ನಿಲ್ಲಿಸಕೂಡದು. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಇರುವುದಾಗಿ ಸರ್ಕಾರವು 2023ರಲ್ಲಿ ತಿಳಿಸಿತು. ಲಿಥಿಯಂನಿಂದಲೇ ಸಮ್ಮಿಲನಕ್ಕೆ ಬೇಕಾದ ಟ್ರಿಟಿಯಂ ಬೆಳೆಯಬೇಕಾದ್ದರಿಂದ ಮುಂದೊಂದು ದಿನ ನಮ್ಮ ನೆರೆಯ ನೆಲವೂ ಈ ಕಥೆಯಲ್ಲಿ ಸೇರಬಹುದು. ಆ ದಿನ ಆ ಊರಿನವರು ಕೇಳಬೇಕಾದ ಪ್ರಶ್ನೆಗಳೂ ಇವೇ.

ಸದ್ಯಕ್ಕೆ ನಮ್ಮ ಮುಂದಿರುವುದು ಕೈಗಾ. ಅಲ್ಲಿ 700 ಮೆಗಾವಾಟಿನ ಮತ್ತೆರಡು ಘಟಕಗಳಿಗೆ ಕೇಂದ್ರ ಸರ್ಕಾರವು 2017ರಲ್ಲಿ ಒಪ್ಪಿಗೆ ಕೊಟ್ಟಿದೆ. ಅವುಗಳ ಶೇಷವು ಎಲ್ಲಿಗೆ ಹೋಗುತ್ತದೆ, ಎಷ್ಟು ವರ್ಷ ಅಲ್ಲಿರುತ್ತದೆ, ಯಾರ ವೆಚ್ಚದಲ್ಲಿ, ಎಂಬ ಲೆಕ್ಕವನ್ನು ಅಚ್ಚ ಕನ್ನಡದಲ್ಲಿ ಬರೆದು, ಕದ್ರಾದ ಸಂತೆಯಲ್ಲಿಯೂ ತಿಪಟೂರಿನ ಮಂಡಿಯಲ್ಲಿಯೂ ಓದಿ ಹೇಳುವ ಏರ್ಪಾಡಾಗಲಿ. ಸಂಕರ ಯಂತ್ರದ ನಕ್ಷೆಯನ್ನು ಬಿಡಿಸಿ ನೋಡಲು ಅನಂತರ ಬೇಕಾದಷ್ಟು ಹೊತ್ತಿದೆ.